ಪಾಚಿ ಹೋದರೂ ವಾಸನೆ ಯಾಕೆ ಉಳಿಯುತ್ತದೆ?

ಪ್ರಶ್ನೆ: ನಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆ ಕಡೆಯದು. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಮೇಲೆ ಕೆರೆಯಲ್ಲಿ ತುಂಬಿಟ್ಟ ನೀರೇ ನಲ್ಲಿಗೆ ಬರುತ್ತದೆ. ನೋಡೋಕೆ ತಿಳಿಯಾಗಿದೆ, ಆದರೆ ಮಣ್ಣಿನ ವಾಸನೆ. ಕಾಯಿಸಿದರೂ ಹೋಗೋದಿಲ್ಲ. ಕೊಡಕ್ಕೆ ಪಟಿಕ ಹಾಕಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹಾಕಬಹುದಾ ಮೇಡಂ? ನೀರು ಶುದ್ಧ ಮಾಡುವಲ್ಲಿ ಅದನ್ನು ಹಾಕಿಯೇ ಬಿಡೋದಿಲ್ಲವೇ?
– ಗೃಹಿಣಿ, ರಾಯಚೂರು ಜಿಲ್ಲೆ

ಉತ್ತರ: ಹಾಕಿಯೇ ಬಿಡುತ್ತಾರಮ್ಮ. ಆದರೆ ಮಣ್ಣು ಕದಡಿದ ನೀರಿಗೆ ಪಟಿಕ ಹಾಕೋದು ಬೇರೆ, ಪಾಚಿ ನೀರಿಗೆ ಹಾಕೋದು ಬೇರೆ. ನಾನು ನೀರು ಶುದ್ಧೀಕರಣ ಘಟಕವೊಂದರ ಲ್ಯಾಬಿನಲ್ಲಿ 26 ವರ್ಷ ಕೆಲಸ ಮಾಡಿದವಳು. ಮಳೆಗಾಲದ ಕೆಂಪು ನೀರಿಗೆ ಯಾವತ್ತೂ ಹೆದರಲಿಲ್ಲ. ಹೆದರುತ್ತಿದ್ದದ್ದು ಏಪ್ರಿಲ್ ತಿಂಗಳ ಹಸಿರು ನೀರಿಗೆ.

ಬೆಂಡೆಕಾಯಿ ಹೆಚ್ಚುವಾಗ ಚಾಕುವಿಗೆ ಲೋಳೆ ಅಂಟುತ್ತದಲ್ವಾ? ಪಾಚಿಯೂ ಹಾಗೇ ಲೋಳೆ ಬಿಡುತ್ತದೆ. ಅದರಲ್ಲಿ ಮುಖ್ಯವಾಗಿ ಪಿಷ್ಟದ ಜಾತಿಯ ವಸ್ತು ಮತ್ತು ಪ್ರೋಟೀನು ಇರುತ್ತವೆ. ಬದುಕಿರುವಾಗ ಸ್ವಲ್ಪ ಸ್ವಲ್ಪ ಬಿಡುತ್ತದೆ. ಸತ್ತು ಒಡೆದರೆ ಒಳಗಿದ್ದದ್ದೆಲ್ಲ ನೀರಿಗೆ. ಪಾಚಿ ಹಸಿರಾಗಿ ಕಾಣುತ್ತದೆ, ಕರಗಿದ ಲೋಳೆ ಕಣ್ಣಿಗೇ ಬೀಳೋದಿಲ್ಲ.

ಪಾಚಿ ಕಣಗಳ ಮೈಮೇಲೆ ಮೈನಸ್ ಚಾರ್ಜ್ ಇರುತ್ತದೆ. ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತಾ ನೀರಿನಲ್ಲೇ ಉಳಿಯುತ್ತವೆ. ಪಟಿಕವನ್ನು ನಾವು ಆಲಂ ಅಂತೀವಿ. ಅದರ ಅಲ್ಯುಮಿನಿಯಂ ಪ್ಲಸ್ ಚಾರ್ಜಿನದು. ಅದು ಸೇರಿದಾಗ ಈ ತಳ್ಳಾಟ ನಿಂತು, ಕಣಗಳು ಅಂಟಿಕೊಂಡು ಹತ್ತಿಯಂಥ ಗಂಟುಗಳಾಗಿ ತಳಕ್ಕಿಳಿಯುತ್ತವೆ. ಆದರೆ ಲೋಳೆ ಜಾಸ್ತಿ ಇದ್ದರೆ ಅದರ ಪ್ರೋಟೀನು ಅಲ್ಯುಮಿನಿಯಂ ಅನ್ನು ಮೊದಲೇ ಹಿಡಿದುಕೊಳ್ಳುತ್ತದೆ. ಹಾಕಿದ ಆಲಂ ಅಲ್ಲೇ ಖರ್ಚಾಗಿ ಗಂಟು ಕಟ್ಟೋದೇ ಇಲ್ಲ.

ಒಂದು ಏಪ್ರಿಲ್ ನನಗೆ ಚೆನ್ನಾಗಿ ನೆನಪಿದೆ. ಎಷ್ಟು ಆಲಂ ಬೇಕು ಅಂತ ನೋಡುವ ಜಾರ್ ಟೆಸ್ಟಿಗೆ ಆರು ಜಾರ್ ಇಟ್ಟಿದ್ದೆ, ಒಂದೊಂದರಲ್ಲೂ ಒಂದು ಲೀಟರ್ ಕೆರೆ ನೀರು. ಆಲಂ 20 ಮಿಲಿಗ್ರಾಂನಿಂದ ಶುರು ಮಾಡಿ 70ರ ತನಕ. ಒಂದು ನಿಮಿಷ ಜೋರಾಗಿ, 20 ನಿಮಿಷ ನಿಧಾನಕ್ಕೆ ತಿರುಗಿಸಿ, ಅರ್ಧ ಗಂಟೆ ಬಿಟ್ಟೆ. 70ರ ಜಾರಿನಲ್ಲೂ ಸಣ್ಣ ರವೆಯಂಥ ಕಣಗಳು ನೀರಿನ ನಡುವೆ ತೂಗಾಡುತ್ತಿದ್ದವು. ಕೆಲವು ಮೇಲೆ ತೇಲಿದ್ದವು. ಆಗ ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ, ನೋಡಿದೆ. 7ಕ್ಕಿಂತ ಮೇಲೆ ಹೋದಷ್ಟೂ ಕ್ಷಾರ. ಬೆಳಿಗ್ಗೆ ಆರಕ್ಕೆ 8.2 ಇದ್ದದ್ದು ಮಧ್ಯಾಹ್ನ ಮೂರಕ್ಕೆ 9 ದಾಟಿತ್ತು! ಬಿಸಿಲಿಗೆ ಪಾಚಿ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವುದರಿಂದ ಹೀಗಾಗುತ್ತದೆ. ಅಷ್ಟು ಪಿಎಚ್‌ನಲ್ಲಿ ಆಲಂ ಸರಿಯಾಗಿ ಕೆಲಸ ಮಾಡೋದಿಲ್ಲ, ಲೋಳೆಯ ಮೇಲಂತೂ ಇನ್ನೂ ಕಡಿಮೆ. ಹೊಸ ಜಾರಿಗೆ ಹನಿ ಹನಿ ಆ್ಯಸಿಡ್ ಬಿಟ್ಟು 6.5ಕ್ಕೆ ತಂದು, ಬರೀ 40 ಮಿಲಿಗ್ರಾಂ ಹಾಕಿದೆ. ಹತ್ತು ನಿಮಿಷದಲ್ಲಿ ಅಕ್ಕಿ ನುಚ್ಚಿನಷ್ಟು ದಪ್ಪ ಗಂಟು! ತಿರುಗಿಸೋದು ನಿಲ್ಲಿಸಿದ್ದೇ ತಡ, ಸರಸರ ಇಳಿದು ಮೇಲಿನ ನೀರು ತಿಳಿಯಾಯಿತು. ಸಹಾಯಕರನ್ನೆಲ್ಲ ಕರೆದು ತೋರಿಸಿದ್ದೆ.

ಆದರೂ ಘಟಕದಿಂದ ಹೊರಹೋಗುವ ನೀರಿನಲ್ಲಿ ವಾಸನೆ ಇತ್ತು. ಅದಕ್ಕೆ ಕಾರಣ ಕ್ಲೋರಿನ್. ಕೆರೆ ನೀರು ಒಳಗೆ ಬರುತ್ತಿದ್ದಂತೆ ಕ್ಲೋರಿನ್ ಹಾಕುವ ರೂಢಿ ನಮ್ಮಲ್ಲಿತ್ತು. ಪಾಚಿ ಸಾಯಲಿ ಅಂತ. ಸಾಯುತ್ತದೆ, ಆದರೆ ಒಡೆದು ಸಾಯುತ್ತದೆ. ಒಳಗಿನ ಲೋಳೆಯ ಜೊತೆ ಜಿಯೋಸ್ಮಿನ್ ಅನ್ನುವ ವಸ್ತುವೂ ಹೊರಬರುತ್ತದೆ. ನಿಮಗೆ ಬರುವ ಮಣ್ಣಿನ ವಾಸನೆ ಬಹುಮಟ್ಟಿಗೆ ಇಂಥದರದ್ದೇ. ಲೀಟರಿಗೆ 10 ನ್ಯಾನೊಗ್ರಾಂ (ಒಂದು ನ್ಯಾನೊಗ್ರಾಂ ಅಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು) ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಕರಗಿದ ಜಿಯೋಸ್ಮಿನ್ ಆಲಂ ಕೈಗೆ ಸಿಗೋದಿಲ್ಲ, ಮರಳಿನ ಫಿಲ್ಟರಿಗೂ ಅಷ್ಟಾಗಿ ಸಿಗೋದಿಲ್ಲ. ಇದಲ್ಲದೆ ಕ್ಲೋರಿನ್ ಆ ಲೋಳೆಯ ಜೊತೆ ಸೇರಿ ಕ್ಲೋರೋಫಾರ್ಮ್‌ನಂಥ ಬೇಡದ ವಸ್ತುಗಳಾಗುತ್ತವೆ.

ಪಾಚಿಯನ್ನು ಕೊಲ್ಲಬೇಡಿ, ಇಡಿಯಾಗಿ ಹಿಡಿದು ಹೊರಹಾಕಿ ಅಂತ ನಾನು ಮತ್ತೆ ಮತ್ತೆ ಹೇಳಿದೆ. ಕೊನೆಗೆ ನೀರು ಫಿಲ್ಟರ್ ದಾಟಿದ ಮೇಲಷ್ಟೇ ಕ್ಲೋರಿನ್ ಹಾಕತೊಡಗಿದರು. ವಾರಕ್ಕೊಮ್ಮೆ ತೆಗೆಯುತ್ತಿದ್ದ ತಳದ ಗಸಿಯನ್ನು ದಿನಾ ತೆಗೆಯತೊಡಗಿದರು. ಗಸಿಯಲ್ಲಿ ಬಿದ್ದ ಪಾಚಿ ಅಲ್ಲೇ ಕೊಳೆತರೆ ಮತ್ತೆ ಅದೇ ಲೋಳೆ ತಾನೇ? ವಾಸನೆ ಜೋರಿದ್ದ ದಿನ ಆ್ಯಕ್ಟಿವೇಟೆಡ್ ಕಾರ್ಬನ್ ಪುಡಿಯನ್ನೂ, ಅಂದರೆ ವಾಸನೆ ಹೀರುವಂತೆ ಹದ ಮಾಡಿದ ಇದ್ದಿಲ ಪುಡಿಯನ್ನೂ, ಹಾಕಿದೆವು. ದೂರು ಕಡಿಮೆಯಾಯಿತು.

ಈಗ ನಿಮ್ಮ ಕೊಡದ ವಿಷಯ. ಪಟಿಕ ಹಾಕಬೇಡಿ. ತಿಳಿ ನೀರಿನಲ್ಲಿ ಅದು ಹಿಡಿಯುವಂಥದ್ದು ಹೆಚ್ಚೇನೂ ಇರೋದಿಲ್ಲ, ಸುಮ್ನೆ ಅಲ್ಯುಮಿನಿಯಂ ಕುಡಿದಂತಾಗುತ್ತದೆ. ನುಗ್ಗೆಬೀಜದ ಪುಡಿಯೂ ಬೇಡ, ಅದರ ಸತ್ವವೂ ನೀರಿಗೆ ಸೇರುತ್ತದೆ. ವಾಸನೆಗೆ ಕಾರ್ಬನ್ ಫಿಲ್ಟರ್ ಒಳ್ಳೆಯದು. ಅದರ ಕ್ಯಾಂಡಲ್ ಹೊತ್ತಿಗೆ ಸರಿಯಾಗಿ ಬದಲಿಸಿ.

ಜಿಯೋಸ್ಮಿನ್ ಇಷ್ಟು ಕಡಿಮೆ ಇದ್ದಾಗ ವಿಷವಲ್ಲ, ಹೆದರಬೇಡಿ. ಆದರೆ ನಲ್ಲಿಯಲ್ಲಿ ಹಸಿರು ನೀರೇ ಬಂದರೆ ಕಾಯಿಸಿಯೂ ಕುಡಿಯಬೇಡಿ. ಕೆಲವು ನೀಲಿ-ಹಸಿರು ಪಾಚಿಗಳ ವಿಷ ಕುದಿಸಿದರೆ ಹೋಗೋದಿಲ್ಲ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ಇಂಥ ವಿಷ ಸಿಕ್ಕಿ, ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಅಂದಿದ್ದರು.

ನಿಮ್ಮೂರಿನ ಘಟಕಕ್ಕೆ ನಾಲ್ಕು ಜನ ಸೇರಿ ಒಮ್ಮೆ ಹೋಗಿ ಬನ್ನಿ. ಕ್ಲೋರಿನ್ ಎಲ್ಲಿ ಹಾಕುತ್ತೀರಿ, ಗಸಿ ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ, ಮಧ್ಯಾಹ್ನದ ಪಿಎಚ್ ನೋಡುತ್ತೀರಾ ಅಂತ ಕೇಳಿ. ಏನು ಹೇಳಿದರು ಅಂತ ನನಗೂ ಬರೆಯಿರಿ.