ಸಲ್ಫ್ಯೂರಿಕ್ ಆಮ್ಲದಲ್ಲಿ ಗುಳ್ಳೆ ನಿಂತಿದ್ದೇಕೆ?

ಹೈಡ್ರೋಕ್ಲೋರಿಕ್ ಆಮ್ಲದ ಸಾರತೆ (ದ್ರಾವಣದಲ್ಲಿ ಆಮ್ಲದ ಪ್ರಮಾಣ) ಹೆಚ್ಚಿಸಿದಷ್ಟೂ ಅಮೃತಶಿಲೆಯ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ, ಚೂರು ಜೋರಾಗಿ ನೊರೆಗರೆಯಿತು, ಸಲ್ಫ್ಯೂರಿಕ್ ಆಮ್ಲದಲ್ಲಿ ಮಾತ್ರ ಸಾರತೆ ಹೆಚ್ಚಿಸಿದರೂ ಗುಳ್ಳೆ ಬೇಗ ನಿಂತುಹೋಯಿತು ಅಂತ ಬರೆದಿದ್ದೀರಿ. ಸರಿಯಾಗಿಯೇ ಗಮನಿಸಿದ್ದೀರಿ.

ಸಾರತೆ ಹೆಚ್ಚಾದರೆ ಅಷ್ಟೇ ದ್ರಾವಣದಲ್ಲಿ ಹೈಡ್ರೋಜನ್ ಅಯಾನುಗಳು (ಕಲ್ಲಿನೊಂದಿಗೆ ವರ್ತಿಸುವ ಆಮ್ಲದ ಕಣಗಳು) ಹೆಚ್ಚಿರುತ್ತವೆ, ಕಲ್ಲಿನ ಮೈಗೆ ಹೆಚ್ಚು ಸಲ ಡಿಕ್ಕಿ ಹೊಡೆಯುತ್ತವೆ. ಆದರೆ ಆ ಮೈ ತೆರೆದಿರಬೇಕಲ್ಲ! ಹೈಡ್ರೋಕ್ಲೋರಿಕ್ ಆಮ್ಲದಿಂದ ಹುಟ್ಟುವ ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಸಲೀಸಾಗಿ ಕರಗಿಹೋಗುತ್ತದೆ. ಸಲ್ಫ್ಯೂರಿಕ್ ಆಮ್ಲದಿಂದ ಬರುವುದು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂನ ವಸ್ತು. ಅದು ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 2 ಗ್ರಾಂ ಅಷ್ಟೇ. ಉಳಿದದ್ದು ಕಲ್ಲಿನ ಮೇಲೆಯೇ ಬಿಳಿ ಪದರವಾಗಿ ಕೂರುತ್ತದೆ, ಆಮ್ಲ ಒಳಗೆ ತಲುಪುವುದಿಲ್ಲ.

ನೀವೇ ಪರೀಕ್ಷಿಸಿ: ಚೂರನ್ನು ಇಕ್ಕಳದಿಂದ ಎತ್ತಿ, ತೊಳೆದು, ಆ ಪದರವನ್ನು ಚೆನ್ನಾಗಿ ಕೆರೆದು ಮತ್ತೆ ಅದೇ ಆಮ್ಲಕ್ಕೆ ಹಾಕಿ. ಗುಳ್ಳೆ ಮತ್ತೆ ಶುರುವಾಗುತ್ತದೆ. ಆದರೆ ಮಕ್ಕಳಿಗೆ ಸಾರತೆಯ ಪ್ರಭಾವ ತೋರಿಸಲು ಹೈಡ್ರೋಕ್ಲೋರಿಕ್ ಆಮ್ಲವನ್ನೇ ಬಳಸಿ, ಚೂರುಗಳ ಗಾತ್ರ ಮತ್ತು ಉಷ್ಣತೆ ಎಲ್ಲ ಸಲವೂ ಒಂದೇ ಇರಲಿ. ಆಮ್ಲವನ್ನು ಸಾರರಿಕ್ತ ಮಾಡುವಾಗ, ಅಂದರೆ ನೀರು ಬೆರೆಸಿ ತೆಳುವಾಗಿಸುವಾಗ, ನೀರಿಗೇ ಆಮ್ಲ ಹಾಕಿ, ಆಮ್ಲಕ್ಕೆ ನೀರು ಯಾವತ್ತೂ ಬೇಡ.