ಊರಿಗೊಬ್ಬರೇ ಮೇಲ್ವಿಚಾರಕರು, ಅದಕ್ಕೇ ಐದು ದಿನ

ತುಮಕೂರು ಜಿಲ್ಲೆಯ ಹಳ್ಳಿಯೊಂದರಿಂದ ನಿವೃತ್ತ ಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

‘ನಮ್ಮೂರಿನ ಗ್ರಂಥಾಲಯದ ಮೇಲ್ವಿಚಾರಕಿ ಐದು ದಿನ ವಸತಿ ತರಬೇತಿಗೆ ಹೋಗಿದ್ದರು. ಐದು ದಿನವೂ ಬಾಗಿಲಿಗೆ ಬೀಗ. ಪೇಪರ್ ಓದಲು ಬಂದವರು, ಪರೀಕ್ಷೆಗೆ ಓದುವ ಹುಡುಗರು ವಾಪಸ್ ಹೋದರು. ಪುಸ್ತಕ ಕೊಡುವುದು, ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುವುದು, ಸಂಜೆ ಬಾಗಿಲು ಹಾಕುವುದು. ಇಷ್ಟಕ್ಕೆ ಊಟ, ವಸತಿ, ಬಸ್ ಚಾರ್ಜು ಕೊಟ್ಟು ತರಬೇತಿ ಯಾಕೆ? ಹೇಳಬೇಕಾದ್ದನ್ನು ಮೊಬೈಲಿನಲ್ಲೇ ಹೇಳಬಹುದಲ್ವಾ? ಆ ದುಡ್ಡಿಗೆ ಪುಸ್ತಕ ತರಿಸಿದ್ದರೆ ಊರಿಗೆ ಉಪಕಾರವಾಗುತ್ತಿತ್ತು.’

ಮೇಷ್ಟ್ರೇ, ನಮಸ್ಕಾರ.

ಐದು ದಿನ ಬಾಗಿಲು ಮುಚ್ಚಿದ್ದು ತಪ್ಪು. ಆ ಮಾತಿಗೆ ಆಮೇಲೆ ಬರುತ್ತೇನೆ. ಕೇಳುವ ಹಕ್ಕೂ ನಿಮಗಿದೆ. ಮನೆ ಕಂದಾಯ ಕಟ್ಟಿದ ರಸೀದಿಯನ್ನು ತೆಗೆದು ನೋಡಿ, ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಎಂದು ಬೇರೆಯಾಗಿ ನಮೂದಾಗಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಬಂದ ಪದ್ಧತಿ ಅದು. ಆದರೆ ‘ಇಷ್ಟಕ್ಕೆ ತರಬೇತಿ ಯಾಕೆ’ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಯಾಕೆಂದು ಹೇಳುತ್ತೇನೆ.

ನೀವು ಶಾಲೆಯಲ್ಲಿ ಇದ್ದವರು. ಪಾಠ ಮಾಡುವಾಗ ಏನಾದರೂ ತೊಡಕಾದರೆ ಪಕ್ಕದ ಕೊಠಡಿಯಲ್ಲಿ ಇನ್ನೊಬ್ಬರು ಇರುತ್ತಿದ್ದರು. ಒಬ್ಬರೇ ಇರುವ ಶಾಲೆಯಾದರೂ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇತ್ತು. ಅಂಗನವಾಡಿ ಕಾರ್ಯಕರ್ತೆಯರಿಗೆ ಸರ್ಕಲ್ ಮೀಟಿಂಗ್ ಇದೆ. ಗ್ರಂಥಾಲಯದ ಮೇಲ್ವಿಚಾರಕರಿಗೆ ಯಾರಿದ್ದಾರೆ? ಪಂಚಾಯಿತಿಗೆ ಒಂದು ಗ್ರಂಥಾಲಯ, ಅದಕ್ಕೆ ಒಬ್ಬರೇ ಮನುಷ್ಯರು. ಪಿಡಿಒ ಅವರಿಗೆ ನೀರು, ರಸ್ತೆ, ನರೇಗಾ ಕೆಲಸವೇ ಬೆಟ್ಟದಷ್ಟಿರುತ್ತದೆ. ಅಧ್ಯಕ್ಷರು, ಸದಸ್ಯರು ಬದಲಾಗುತ್ತಾ ಇರುತ್ತಾರೆ. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಹೇಳಬಲ್ಲ, ಅದೇ ಕೆಲಸ ಗೊತ್ತಿರುವ ಇನ್ನೊಬ್ಬರು ಆ ಊರಿನಲ್ಲಿ ಇರುವುದಿಲ್ಲ. ಇಂಥ ಒಂಟಿ ಕೆಲಸ ನಮ್ಮ ಹಳ್ಳಿಗಳಲ್ಲಿ ಬಹಳ ಕಡಿಮೆ.

ಅಲ್ಲಿ ನಡೆಯುವ ಕೆಲಸವೂ ನೀವು ಬರೆದ ಮೂರೇ ಅಲ್ಲ. ಬೆಳಿಗ್ಗೆ ಒಂದೇ ಪೇಪರಿಗೆ ನಾಲ್ಕು ಜನ ಕಾಯುತ್ತಾರೆ. ಪೊಲೀಸ್ ಪರೀಕ್ಷೆಗೆ ಕಟ್ಟಿದ ಹುಡುಗ ಹೊಸ ಸಿಲೆಬಸ್‌ನ ಪುಸ್ತಕ ಕೇಳುತ್ತಾನೆ. ಕಪಾಟಿನಲ್ಲಿರುವುದು ಹತ್ತು ವರ್ಷದ ಹಿಂದಿನ ಗೈಡು. ಪಿಂಚಣಿ ಅರ್ಜಿ ತುಂಬಿಸಿಕೊಳ್ಳಲು ಒಬ್ಬ ಅಜ್ಜಿ ಬರುತ್ತಾರೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಒಟ್ಟಿಗೇ ನುಗ್ಗುತ್ತಾರೆ. ಅವರಲ್ಲಿ ಒಬ್ಬಳು ಇರುವ ಕತೆ ಪುಸ್ತಕವನ್ನೆಲ್ಲ ಮುಗಿಸಿ ‘ಬೇರೆ ಇಲ್ವಾ?’ ಎನ್ನುತ್ತಾಳೆ. ಇನ್ನೊಬ್ಬನಿಗೆ ಐದನೇ ಕ್ಲಾಸಿನಲ್ಲಿದ್ದರೂ ಒತ್ತಕ್ಷರ ಓದಲು ಬರುವುದಿಲ್ಲ, ಅದು ಯಾರಿಗೂ ಗೊತ್ತಾಗಬಾರದು ಎಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಇವರೆಲ್ಲರಿಗೂ ಒಬ್ಬರೇ ಉತ್ತರ ಕೊಡಬೇಕು.

2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೋವಿಡ್‌ನಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ ಮಕ್ಕಳನ್ನು ಓದಿಗೆ ಎಳೆಯುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಎಂದಿದೆ. ಕಂಪ್ಯೂಟರ್ ಬಂದಿದೆ, ಚೆಸ್ ಬಂದಿದೆ. ಗ್ರಂಥಾಲಯದ ಕೆಲಸವೇ ಬದಲಾಯಿತು. ಪೇಪರ್ ಹರಡಿ ಕೂರುತ್ತಿದ್ದವರ ಮುಂದೆ ಒಮ್ಮೆಗೇ ಊರಿನ ಮಕ್ಕಳೆಲ್ಲ ಬಂದು ನಿಂತರು. ಮಕ್ಕಳ ಜೊತೆ ಕೆಲಸ ಮಾಡುವುದನ್ನು ಅವರಿಗೆ ಮೊದಲು ಯಾರು ಕಲಿಸಿದ್ದರು?

ನಿಮ್ಮ ಕಾಲದ್ದೇ ಒಂದು ಉದಾಹರಣೆ ಕೊಡುತ್ತೇನೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ಕಣ್ಣಾರೆ ಕಂಡು ಬಂದರು. ಮಕ್ಕಳು ನಲಿಯುತ್ತಾ ಕಲಿಯುವ ‘ನಲಿ-ಕಲಿ’ ಪದ್ಧತಿ ಹುಟ್ಟಿದ್ದು ಅಲ್ಲಿಂದ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ತಮ್ಮ ಪಾಡಿಗೆ ಕಲಿಯುವುದನ್ನು ಎಷ್ಟು ಸುತ್ತೋಲೆ ಕಳಿಸಿದ್ದರೂ ನಂಬುತ್ತಿದ್ದೆವಾ? ನೋಡಿದವರು ನಂಬಿದರು. ನಂಬಿದ ಮೇಲೆ ತಮ್ಮ ಶಾಲೆಗೆ ತಕ್ಕ ಹಾಗೆ ಕಲಿಕೆಯ ಕಾರ್ಡುಗಳನ್ನು ತಾವೇ ಮಾಡಿಕೊಂಡರು.

ಗ್ರಂಥಾಲಯದ ಕಡೆಯೂ ಅಂಥದ್ದೇ ಒಂದು ಕತೆ ಇದೆ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಬೇಸರ ಬಂತು. ಮಾತಾಡಲು ಜನ ಇಲ್ಲ, ಮಾಡಲು ಕೆಲಸ ಇಲ್ಲ, ಮತ್ತೆ ಪಾಠಕ್ಕೇ ಹೋಗುತ್ತೇನೆ ಎಂದು ತಾವು ಮೊದಲು ಪಾಠ ಮಾಡುತ್ತಿದ್ದ ಕಾಲೇಜಿಗೆ ಹೋಗಿ ಕೇಳಿದರು. ಮೊದಲು ಲಂಡನ್ನಿಗೆ ಹೋಗಿ ಬಾ, ಆಮೇಲೂ ಬೇಸರವಾದರೆ ನೋಡೋಣ ಎಂದು ಪ್ರಿನ್ಸಿಪಾಲರು ಕಳಿಸಿದರು. ಅಲ್ಲಿ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದಕ್ಕಿಂತ ಹೆಚ್ಚಾಗಿ ಅವರು ಗ್ರಂಥಾಲಯಗಳನ್ನು ಸುತ್ತಿದರು. ಮಕ್ಕಳಿಗೂ ಕೂಲಿಯವರಿಗೂ ಪುಸ್ತಕ ತಲುಪುವುದನ್ನು ನೋಡಿದರು. ವಾಪಸ್ ಬಂದವರು ಮತ್ತೆ ಗಣಿತಕ್ಕೆ ಹೋಗಲಿಲ್ಲ. ‘ಪುಸ್ತಕ ಇರುವುದು ಬಳಸಲಿಕ್ಕೆ’ ಎಂಬುದು ಅವರ ಮೊದಲ ಸೂತ್ರ. 1929ರಲ್ಲೇ ಮದ್ರಾಸಿನಲ್ಲಿ ಗ್ರಂಥಪಾಲಕರಿಗೆ ಬೇಸಿಗೆ ತರಬೇತಿ ಶುರುಮಾಡಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನೂ ಕಟ್ಟಿ, 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಅಂಥ ಬುದ್ಧಿವಂತರಿಗೇ ಒಂಟಿಯಾಗಿ ಕೂತಾಗ ಆ ಕೆಲಸ ಅರ್ಥವಾಗಲಿಲ್ಲ. ನಾಲ್ಕು ಕಡೆ ನೋಡಿದ ಮೇಲೆ ಅರ್ಥವಾಯಿತು. ಹಳ್ಳಿಯ ಮೇಲ್ವಿಚಾರಕಿ ಮಾತ್ರ ತಾನಾಗಿಯೇ ತಿಳಿದುಕೊಳ್ಳಲಿ ಎಂದು ನಾವು ಹೇಗೆ ಬಯಸೋಣ?

ಇನ್ನು ಮೊಬೈಲಿನ ಮಾತು. ಹೊಸ ನಮೂನೆ ತುಂಬುವುದು, ಹಾಜರಾತಿ ಆ್ಯಪ್ ಬಳಸುವುದು, ಸುತ್ತೋಲೆ ವಿವರಿಸುವುದು, ಇವಕ್ಕೆ ಮೊಬೈಲು ಸಾಕು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಯಿಂದ ತಾಲ್ಲೂಕುಗಳಿಗೆ ಉಪಗ್ರಹದ ಮೂಲಕ ತರಬೇತಿ ಕೊಡುವ ಏರ್ಪಾಡು ಎಷ್ಟೋ ವರ್ಷದಿಂದ ಇದೆ. ಅಂಥ ವಿಷಯಕ್ಕೆ ಜನರನ್ನು ಮನೆಯಿಂದ ಕರೆಸುವುದೇ ಬೇಡ.

ಆದರೆ ಮಕ್ಕಳಿಗೆ ಗಟ್ಟಿಯಾಗಿ ಕತೆ ಓದುವುದನ್ನು ಮೊಬೈಲಿನಲ್ಲಿ ಹೇಗೆ ಕಲಿಸುತ್ತೀರಿ? ನೋಡಲು ಸುಲಭ, ಮಾಡಲು ಕಷ್ಟ. ಚಿತ್ರ ಮಕ್ಕಳ ಕಡೆ ಇರಬೇಕು, ಅಕ್ಷರ ನಮಗೆ ಕಾಣಬೇಕು. ಅದಕ್ಕೆ ಪುಸ್ತಕವನ್ನು ಓರೆಯಾಗಿ ಹಿಡಿಯಬೇಕು. ಪುಟ ತಿರುಗಿಸುವ ಮುಂಚೆ ಒಂದು ಗಳಿಗೆ ನಿಲ್ಲಬೇಕು. ‘ಈ ಕತೆಯ ನೀತಿ ಏನು?’ ಎಂದು ಕೇಳಬಾರದು. ಕೇಳಿದರೆ ಅದು ಪಾಠವಾಗುತ್ತದೆ, ಮಕ್ಕಳು ನಾಳೆ ಬರುವುದಿಲ್ಲ. ಮುಂದೆ ಏನಾಗಬಹುದು ಎಂದು ಕೇಳಬೇಕು, ತಪ್ಪು ಊಹೆಗೂ ಖುಷಿಪಡಬೇಕು. ಇದನ್ನು ಒಬ್ಬರು ಮಾಡಿ ತೋರಿಸಬೇಕು, ಇನ್ನೊಬ್ಬರು ಮಾಡಬೇಕು, ಸುತ್ತ ಕೂತವರು ‘ಅಲ್ಲಿ ಸ್ವಲ್ಪ ಜೋರಾಯ್ತು, ಇಲ್ಲಿ ಅವಸರವಾಯ್ತು’ ಎನ್ನಬೇಕು. ಮರುದಿನ ಪಕ್ಕದ ಹಳ್ಳಿಯ ನಿಜವಾದ ಮಕ್ಕಳ ಮುಂದೆ ಓದಬೇಕು. ಮೊದಲ ದಿನ ನಾಚಿಕೊಂಡು ತಲೆ ತಗ್ಗಿಸಿದವರು ಮೂರನೇ ದಿನ ಕೋತಿಯ ದನಿಯಲ್ಲಿ ಮಾತಾಡುತ್ತಾರೆ. ಆ ಮೂರು ದಿನ ಕೊಡದೆ ಕೌಶಲ ಬರುವುದಿಲ್ಲ.

ಪುಸ್ತಕ ಜೋಡಿಸುವುದೂ ಹಾಗೆಯೇ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವ ಸಂಖ್ಯೆ 894.814. ಹಳ್ಳಿಯ ಗ್ರಂಥಾಲಯದಲ್ಲಿ ಕತೆ, ಕಾದಂಬರಿ, ಕವಿತೆಗಳೇ ಜಾಸ್ತಿ. ನಿಯಮದಂತೆ ಜೋಡಿಸಿದರೆ ಅರ್ಧ ಗ್ರಂಥಾಲಯ ಆ ಒಂದೇ ಸಂಖ್ಯೆಯ ಕೆಳಗೆ ಬಂದು ಕೂರುತ್ತದೆ. ಓದುಗರಿಗೆ ಅದರಿಂದ ಏನೂ ಸಿಗುವುದಿಲ್ಲ. ಪದ್ಧತಿ ತಿಳಿದಿರಬೇಕು, ಎಲ್ಲಿ ಬಿಡಬೇಕು ಎಂಬುದೂ ತಿಳಿದಿರಬೇಕು. ಮಕ್ಕಳ ಪುಸ್ತಕಕ್ಕೆ ಓದಿನ ಮಟ್ಟದ ಮೇಲೆ ಬಣ್ಣದ ಚೀಟಿ ಅಂಟಿಸಬಹುದು. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು ತಮ್ಮ ಪುಸ್ತಕಗಳ ಮೇಲೆ ಒಂದರಿಂದ ನಾಲ್ಕರವರೆಗೆ ಹಂತ ಹಾಕಿರುತ್ತಾರೆ, ಅದನ್ನೇ ಅನುಸರಿಸಿದರಾಯಿತು. ಅವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕತೆಗಳು ಉಚಿತವಾಗಿವೆ. ಎಲ್ಲ ಪುಸ್ತಕ ಮುಗಿಸಿದ ಆ ಹುಡುಗಿಗೆ ಕಂಪ್ಯೂಟರಿನಲ್ಲೇ ತೆರೆದುಕೊಡಬಹುದು.

ನನ್ನನ್ನು ಹೆಚ್ಚು ಕಾಡುವುದು ಭಯದ ವಿಷಯ. ಎಷ್ಟೋ ಕಡೆ ಒಳ್ಳೆಯ ಪುಸ್ತಕಗಳೇ ಬೀರುವಿನೊಳಗೆ ಬೀಗದಲ್ಲಿರುತ್ತವೆ. ‘ಕಳೆದರೆ ನನ್ನ ಸಂಬಳದಲ್ಲಿ ಹಿಡಿಯುತ್ತಾರೆ ಸಾರ್’ ಎನ್ನುತ್ತಾರೆ. ಸಿಗುವುದೇ ಅಲ್ಪ ಸಂಬಳ, ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದನ್ನು ನೋಡಿ. ವರ್ಷದಲ್ಲಿ ಕೊಟ್ಟ ಅಥವಾ ಓದಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದುಹೋದರೆ ಅದು ಸಹಜ ನಷ್ಟ, ಮೋಸವೋ ನಿರ್ಲಕ್ಷ್ಯವೋ ಇರಬಾರದು ಅಷ್ಟೇ ಎನ್ನುತ್ತದೆ. ಸಾವಿರ ರೂಪಾಯಿಗಿಂತ ಬೆಲೆಬಾಳುವ ಪುಸ್ತಕ, ಅಪರೂಪದ ಪುಸ್ತಕ ಹೋದರೆ ಮಾತ್ರ ವಿಚಾರಣೆ ಆಗಲೇಬೇಕು. ಅದು ಕೇಂದ್ರದ ಕಚೇರಿಗಳ ನಿಯಮ, ಪಂಚಾಯಿತಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ದೇಶದ ಲೆಕ್ಕಪತ್ರದವರೇ ಪುಸ್ತಕ ಓಡಾಡಿದರೆ ಒಂದಿಷ್ಟು ಹೋಗುತ್ತದೆ ಎಂದು ಒಪ್ಪಿದ್ದಾರೆ. ನಮ್ಮ ಮೇಲ್ವಿಚಾರಕರಿಗೂ ಅಂಥ ಮಾತು ಲಿಖಿತವಾಗಿ ಬೇಕು. ತರಬೇತಿಯಲ್ಲಿ ಆಡಿಟ್‌ನವರನ್ನೇ ಕರೆಸಿ ಎದುರಿಗೆ ಕೂರಿಸಿ ಕೇಳಬೇಕು. ಹರಿದದ್ದು, ಗೆದ್ದಲು ತಿಂದದ್ದು, ಹಳೆಯ ಸಿಲೆಬಸ್‌ನದ್ದು, ಇವನ್ನು ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಅಕ್ಸೆಷನ್ ರಿಜಿಸ್ಟರ್‌ನಿಂದ ತೆಗೆಯುವುದು ಹೇಗೆ, ಯಾರ ಸಹಿ ಬೇಕು, ಪಂಚಾಯಿತಿ ಸಭೆಯಲ್ಲಿ ಠರಾವು ಹೇಗೆ ಬರೆಸಬೇಕು ಎಂದು ಕೈಹಿಡಿದು ಬರೆಸಿ ಕಲಿಸಬೇಕು. ಬೀರುವಿನ ಬೀಗ ತೆಗೆಸಿದರೆ ಸಾಕು, ಆ ಐದು ದಿನದ ಖರ್ಚು ವಸೂಲಾಯಿತು ಎಂದೇ ನಾನು ಹೇಳುತ್ತೇನೆ.

ಇಷ್ಟಾದರೂ ಹಗಲು ಬಂದು ಸಂಜೆ ಮನೆಗೆ ಹೋಗಬಹುದಲ್ಲ ಎಂದು ನೀವು ಕೇಳಬಹುದು. ಸಂಜೆಯೇ ಮುಖ್ಯ ಮೇಷ್ಟ್ರೇ. ಹಗಲಿನಲ್ಲಿ ಅಧಿಕಾರಿಗಳ ಮುಂದೆ ಎಲ್ಲರೂ ‘ನಮ್ಮಲ್ಲಿ ಎಲ್ಲ ಚೆನ್ನಾಗಿದೆ’ ಎನ್ನುತ್ತಾರೆ. ಊಟ ಮುಗಿಸಿ ಹಾಸ್ಟೆಲ್ ಜಗಲಿಯ ಮೇಲೆ ಕೂತಾಗ ನಿಜ ಬಾಯಿಗೆ ಬರುತ್ತದೆ. ಗಡಿಯ ಕಡೆಯವರು ಮನೆಯಲ್ಲಿ ಮರಾಠಿಯನ್ನೋ ತೆಲುಗನ್ನೋ ಆಡುವ ಮಕ್ಕಳನ್ನು ಹೇಗೆ ಹಿಡಿದಿಟ್ಟುಕೊಂಡೆವು ಎನ್ನುತ್ತಾರೆ. ಒಬ್ಬರು ಗ್ರಂಥಾಲಯ ಕರದ ಹಣವನ್ನು ಪಂಚಾಯಿತಿಯಿಂದ ಬಿಡಿಸಿಕೊಂಡ ಬಗೆ ಹೇಳುತ್ತಾರೆ. ಒಬ್ಬರು ಜಗಲಿಯಲ್ಲಿ ಇಸ್ಪೀಟು ಆಡುವವರನ್ನು ಜಗಳವಿಲ್ಲದೆ ಎಬ್ಬಿಸಿದ್ದನ್ನು ಹೇಳುತ್ತಾರೆ. ಗಂಡಸರೇ ತುಂಬಿರುವ ಕೋಣೆಗೆ ಹೆಂಗಸರು ಬರುವುದಿಲ್ಲ ಎಂದು ಕಂಡು, ಒಬ್ಬರು ಸ್ವಸಹಾಯ ಸಂಘದ ಸಭೆಗೇ ಪುಸ್ತಕದ ಚೀಲ ಹೊತ್ತುಕೊಂಡು ಹೋದದ್ದನ್ನು ಹೇಳುತ್ತಾರೆ. ಇವು ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಆಮೇಲೆ ಒಬ್ಬರ ಫೋನ್ ನಂಬರ್ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಮೊಬೈಲು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಆ ಕಡೆ ಇರುವವರ ಮುಖ ಗೊತ್ತಿದೆ.

ಎಲ್ಲ ವಸತಿ ತರಬೇತಿಯೂ ಹೀಗಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಹತ್ತರಿಂದ ಐದರವರೆಗೆ ಭಾಷಣ, ನಡುವೆ ಸನ್ಮಾನ, ಕೊನೆಗೆ ಗುಂಪು ಫೋಟೊ, ಪ್ರಮಾಣಪತ್ರ. ಅಂಥದ್ದಕ್ಕೆ ಬೀಗ ಹಾಕಿ ಹೋಗಿದ್ದರೆ ನಿಮ್ಮ ಸಿಟ್ಟಿನಲ್ಲಿ ನಾನೂ ಪಾಲುದಾರ. ಭಾಷಣ ಕಡಿಮೆ ಮಾಡಿ, ಕೈಗೆ ಕೆಲಸ ಕೊಡಿ ಎಂದು ತರಬೇತಿ ನಡೆಸುವವರಿಗೆ ಈ ಪತ್ರಿಕೆಯ ಮೂಲಕವೇ ಕೇಳುತ್ತೇನೆ. ಅನುಭವಿ ಮೇಲ್ವಿಚಾರಕರನ್ನೇ ತರಬೇತುದಾರರನ್ನಾಗಿ ಕೂರಿಸಿ. ಆರು ತಿಂಗಳ ಮೇಲೆ ಅದೇ ತಂಡವನ್ನು ಎರಡು ದಿನಕ್ಕೆ ಮತ್ತೆ ಕರೆಸಿ, ಏನು ಮಾಡಿದಿರಿ ಎಂದು ಕೇಳಿ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ಎಳೆಯ ಕೂಸನ್ನು ಬಿಟ್ಟು ಐದು ದಿನ ಹೋಗಲು ಆಗುವುದಿಲ್ಲ. ಹೋಗದಿದ್ದರೆ ‘ಆಸಕ್ತಿಯಿಲ್ಲ’ ಎಂಬ ಹೆಸರು. ನರೇಗಾ ಕೆಲಸಕ್ಕೆ ಬರುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ‘ಕೂಸಿನ ಮನೆ’ ತೆರೆದದ್ದು ಇದೇ ಪಂಚಾಯತ್ ರಾಜ್ ಇಲಾಖೆ. ತರಬೇತಿ ಕೇಂದ್ರದಲ್ಲೂ ಅಂಥ ಒಂದು ಕೋಣೆ, ಒಬ್ಬ ಆಯಾ, ಜೊತೆಗೆ ಬರುವ ಅಜ್ಜಿಗೆ ಒಂದು ಮಂಚ ಕೊಡುವುದು ದೊಡ್ಡ ಮಾತೇನಲ್ಲ.

ಬಾಗಿಲು ಮುಚ್ಚಿದ ವಿಷಯಕ್ಕೆ ಬರುತ್ತೇನೆ. ಇದು ಮೇಲ್ವಿಚಾರಕಿಯ ತಪ್ಪಲ್ಲ, ಏರ್ಪಾಡಿನ ತಪ್ಪು. ಸಂವಿಧಾನದ 11ನೇ ಪರಿಚ್ಛೇದದಲ್ಲಿ ಪಂಚಾಯಿತಿಗಳಿಗೆ ಕೊಟ್ಟ 29 ವಿಷಯಗಳಲ್ಲಿ 20ನೆಯದು ಗ್ರಂಥಾಲಯ. ಬಾಗಿಲು ತೆರೆದಿಡುವ ಹೊಣೆ ಪಂಚಾಯಿತಿಯದು. ಅಕ್ಕಪಕ್ಕದ ಪಂಚಾಯಿತಿಯವರನ್ನು ಬೇರೆ ಬೇರೆ ತಂಡದಲ್ಲಿ ಕಳಿಸಿದರೆ ಒಬ್ಬರಿಗೊಬ್ಬರು ಅರ್ಧ ದಿನವಾದರೂ ನೋಡಿಕೊಳ್ಳಬಹುದು. ಊರಿನ ಕಾಲೇಜು ಹುಡುಗಿಯೊಬ್ಬಳಿಗೆ ದಿನಗೂಲಿ ಕೊಟ್ಟು ಕೂರಿಸಬಹುದು. ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ಕೇಳಿ. ನಿವೃತ್ತ ಮೇಷ್ಟ್ರು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಆ ದುಡ್ಡಿಗೆ ಪುಸ್ತಕ ತರಿಸಬಹುದಿತ್ತು ಎಂದಿರಿ. ಪುಸ್ತಕ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಹಳ್ಳಿಹಳ್ಳಿಗೆ ಗ್ರಂಥಾಲಯ ಮಾಡಲು ಹೊರಟಾಗ ಪುಸ್ತಕದ ಜೊತೆಗೇ ಜನರನ್ನೂ ತಯಾರು ಮಾಡಿದರು. ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ 1911ರಲ್ಲೇ ತರಬೇತಿ ತರಗತಿ ತೆರೆದರು. ಪುಸ್ತಕ, ಮನುಷ್ಯ ಎರಡರಲ್ಲಿ ಒಂದನ್ನು ಆರಿಸಿ ಎಂದು ಅವರು ಯಾರನ್ನೂ ಕೇಳಲಿಲ್ಲ. ನಾವೂ ಕೇಳಬಾರದು.

ನಿಮ್ಮ ಮೇಲ್ವಿಚಾರಕಿ ಈಗ ವಾಪಸ್ ಬಂದಿದ್ದಾರಲ್ಲ, ಒಂದು ಸಂಜೆ ಹೋಗಿ ಅಲ್ಲಿ ಏನು ಮಾಡಿಸಿದರು ಎಂದು ಕೇಳಿ. ಅವರು ಹೇಳಿದ್ದನ್ನು, ಅದು ನನ್ನ ಮಾತಿಗೆ ವಿರುದ್ಧವಾಗಿದ್ದರೂ ಸರಿ, ನಮಗೆ ಬರೆಯಿರಿ. ಇದನ್ನು ಓದುವ ಬೇರೆ ಊರುಗಳ ಮೇಲ್ವಿಚಾರಕರೂ ತಮ್ಮ ತರಬೇತಿ ಹೇಗಿತ್ತು, ಏನು ಉಪಯೋಗಕ್ಕೆ ಬಂತು, ಏನು ಬರಲಿಲ್ಲ ಎಂದು ಬಿಚ್ಚಿ ಬರೆಯಲಿ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ಎರಡು ಪುಟ ಇಟ್ಟಿದ್ದೇವೆ.

– ಸಂ.