ಕಾಂಗ್‌ನಲ್ಲಿ ಮನೆ ಹಿಡಿಯುವ ಮುನ್ನ ಅಲ್ಲಿನ ನೀರು ತಿಳಿದಿರಲಿ

ಐರ್ಲೆಂಡಿನ ಬ್ಯಾಲಿನ್‌ರೋಬ್ ಕಡೆ ನರ್ಸ್ ಕೆಲಸ ಸಿಕ್ಕಿದೆ, ಕಾಂಗ್ ಹಳ್ಳಿಯ ಹೊರಗೆ ಒಂದು ಬಾಡಿಗೆ ಮನೆ ನೋಡಿಟ್ಟಿದ್ದೇವೆ, ಊರು ಹೇಗೆ ಎಂದು ಕೇಳಿದ್ದೀರಿ. ಊರು ಬಹಳ ಚೆನ್ನಾಗಿದೆ. ಆದರೆ ಅಲ್ಲಿ ಬಾಳಬೇಕಾದರೆ ಕಾಲ ಕೆಳಗಿನ ಕಲ್ಲಿನ ಗುಣ ಗೊತ್ತಿರಬೇಕು.

ಕಾಂಗ್ ಇರುವುದು ಮೇಯೊ ಕೌಂಟಿಯ ದಕ್ಷಿಣದ ಅಂಚಿನಲ್ಲಿ. ಉತ್ತರಕ್ಕೆ ಮಾಸ್ಕ್ ಸರೋವರ, ದಕ್ಷಿಣಕ್ಕೆ ಸುಮಾರು 10 ಮೀಟರ್ ತಗ್ಗಿನಲ್ಲಿ ಕಾರಿಬ್ ಸರೋವರ. ನಡುವಿನ ನೆಲವೆಲ್ಲ ಬಿರುಕು ಬಿಟ್ಟ ಸುಣ್ಣಕಲ್ಲು. ಮಾಸ್ಕ್‌ನ ನೀರು ನೆಲದೊಳಗೇ ಹರಿದು ಬಂದು ಕಾಂಗ್‌ನಲ್ಲಿ ಬುಗ್ಗೆಯಾಗಿ ಏಳುತ್ತದೆ. 1840ರ ದಶಕದ ಮಹಾಕ್ಷಾಮದ ಕಾಲದಲ್ಲಿ, ಹಸಿದವರಿಗೆ ಕೂಲಿ ಕೊಡಲೆಂದು, ಈ ಎರಡು ಸರೋವರಗಳ ನಡುವೆ ದೋಣಿ ಕಾಲುವೆ ತೋಡಿಸಿದರು. 1854ರಲ್ಲಿ ಆ ಕೆಲಸ ನಿಂತಿತು. ಕಲ್ಲು ನೀರು ಕುಡಿಯುತ್ತಿತ್ತು ಎಂಬುದೊಂದೇ ಕಾರಣವಲ್ಲ. ಕಡಿಮೆ ಕೂಲಿಗೆ ಜನ ಸಿಗುವುದು ನಿಂತಿತ್ತು, ರೈಲು ಬರುತ್ತಿತ್ತು. ದೋಣಿಗಳನ್ನು ಏರಿಸಿ ಇಳಿಸಲೆಂದು ಕಟ್ಟಿದ, ಬಾಗಿಲಿಲ್ಲದ ಲಾಕ್ ಕಟ್ಟೆಗಳು ಇಂದಿಗೂ ನಿಂತಿವೆ. ಬೇಸಿಗೆಯಲ್ಲಿ ಕಾಲುವೆಯ ತಳ ಒಣಗಿರುತ್ತದೆ, ಚಳಿಗಾಲದಲ್ಲಿ ನೀರು ಬರುತ್ತದೆ.

ಅದೇ ಕಲ್ಲು ನಿಮ್ಮ ಮನೆಯ ಕೆಳಗೂ ಇದೆ. ನಲ್ಲಿಗೆ ಬರುವುದು ಸಾರ್ವಜನಿಕ ನೀರೋ, ಊರವರೇ ಸೇರಿ ನಡೆಸುವ ಗ್ರೂಪ್ ಸ್ಕೀಮಿನದೋ, ಸ್ವಂತ ಬೋರ್‌ವೆಲ್ಲಿನದೋ ಎಂದು ಮನೆ ಮಾಲೀಕರನ್ನು ಮೊದಲೇ ಕೇಳಿ. ಮಣ್ಣಿನ ಪದರ ತೆಳು. ಮಳೆ ನೀರು ಸೋಸದೆಯೇ ಬಿರುಕಿಗೆ ಇಳಿಯುತ್ತದೆ, ದನ ಮೇಯುವ ಗದ್ದೆಯ ಕೊಳೆಯೂ ಅದರ ಜೊತೆ ಇಳಿಯುತ್ತದೆ. ಬೋರ್‌ವೆಲ್ ಆದರೆ ವರ್ಷಕ್ಕೊಮ್ಮೆಯಾದರೂ ಇ. ಕೋಲಿ (ಮಲದ ಕೊಳೆ ಸೇರಿದೆಯೆಂದು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಬೇಕು, ಜೋರು ಮಳೆಯ ನಂತರ ಮಾಡಿಸಿದರೆ ಇನ್ನೂ ಒಳ್ಳೆಯದು. ಕುದಿಸಿದರೆ ರೋಗಾಣು ಸಾಯುತ್ತವೆ, ಗೊಬ್ಬರದಿಂದ ನೀರಿಗೆ ಸೇರುವ ನೈಟ್ರೇಟ್ ಹೋಗುವುದಿಲ್ಲ. ಕೂಸಿಗೆ ಪುಡಿ ಹಾಲು ಕಲಸುವವರು ಇದನ್ನು ಮರೆಯಬಾರದು. ಕೆಟಲಿನಲ್ಲಿ ಬಿಳಿ ಹಕ್ಕಳೆ ಕಟ್ಟುವುದು ಬರೀ ಸುಣ್ಣ. ವಿನೆಗರ್ ಹಾಕಿ ನೆನೆಸಿಟ್ಟರೆ ಬಿಡುತ್ತದೆ.

ಹಳ್ಳಿಯ ಹೊರಗಿನ ಮನೆಗೆ ಸಾಮಾನ್ಯವಾಗಿ ಸೆಪ್ಟಿಕ್ ಟ್ಯಾಂಕೇ ಇರುತ್ತದೆ. ನಮ್ಮ ಕಡೆಯ ಅಡುಗೆ ಮಾಡುವವರು ಎಡವುವುದು ಇಲ್ಲೇ. ಕರಿದ ಎಣ್ಣೆ, ಒಗ್ಗರಣೆ ಬಾಂಡಲಿಯ ಜಿಡ್ಡು ಸಿಂಕಿಗೆ ಸುರಿದರೆ ಟ್ಯಾಂಕಿನಲ್ಲಿ ಕೆನೆಗಟ್ಟಿ, ನೀರು ಇಂಗುವ ಕೊಳವೆಗಳವರೆಗೂ ಹೋಗಿ ಕಟ್ಟಿಕೊಳ್ಳುತ್ತದೆ. ಕಾಗದದಿಂದ ಒರೆಸಿ ಕಸಕ್ಕೆ ಹಾಕಿ. ಬ್ಲೀಚ್ ಸುರಿದರೆ ಕೊಳೆಯಿಸುವ ಬ್ಯಾಕ್ಟೀರಿಯಾ ಸಾಯುತ್ತವೆ.

ಮನೆ ಕಾಯಿಸುವುದು ಹೆಚ್ಚಾಗಿ ಸೀಮೆಎಣ್ಣೆ ಬಾಯ್ಲರ್. ಹೊರಗಿನ ಟ್ಯಾಂಕು ಪೂರ್ತಿ ಬರಿದಾಗಲು ಬಿಡಬೇಡಿ. ಕೊಳವೆಗೆ ಗಾಳಿ ಹೊಕ್ಕರೆ ಎಣ್ಣೆ ತುಂಬಿಸಿದ ಮೇಲೂ ಬರ್ನರ್ ಹೊತ್ತುವುದಿಲ್ಲ, ಗಾಳಿ ತೆಗೆಯಲು ಮೆಕ್ಯಾನಿಕ್ ಬರಬೇಕು. ಬೋರ್‌ವೆಲ್ ಪಂಪು ನಡೆಯುವುದೂ ಕರೆಂಟಿನಿಂದ. 2025ರ ಜನವರಿ 24ರ ಇಯೋವಿನ್ ಚಂಡಮಾರುತದಲ್ಲಿ ದೇಶದ 7,68,000 ಸಂಪರ್ಕಗಳಿಗೆ ಕರೆಂಟ್ ಹೋಯಿತು. ಪಶ್ಚಿಮದ ಹಳ್ಳಿಗಳಿಗೆ ಅದು ಮರಳಿ ಬರಲು ಬಹಳ ದಿನ ಹಿಡಿಯಿತು. ಬಿರುಗಾಳಿಯ ಎಚ್ಚರಿಕೆ ಬಂದ ಕೂಡಲೇ ಕ್ಯಾನುಗಳಲ್ಲಿ ಕುಡಿಯುವ ನೀರು ತುಂಬಿಟ್ಟುಕೊಳ್ಳಿ.

ಇನ್ನು ಊರಿನ ಹಿಂದಿನ ದಿನಗಳು. ನದಿ ದಂಡೆಯ ಅಗಸ್ಟೀನಿಯನ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ಐರ್ಲೆಂಡಿನ ಕೊನೆಯ ಮಹಾರಾಜ ರೋರಿ ಓ'ಕಾನರ್ 1198ರಲ್ಲಿ ತೀರಿಕೊಂಡ. ಅವನ ತಂದೆ 1123ರಲ್ಲಿ ಮಾಡಿಸಿದ ಕಾಂಗ್ ಶಿಲುಬೆ ಈಗ ಡಬ್ಲಿನ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ, ನೋಡಲೇಬೇಕಾದ ಕುಸುರಿ ಕೆಲಸ. ಊರಿನ ಉತ್ತರಕ್ಕೆ, ಮಾಸ್ಕ್ ಸರೋವರದ ದಂಡೆಯಲ್ಲಿರುವ ಲಾಕ್ ಮಾಸ್ಕ್ ಹೌಸ್ ಎಂಬ ಮನೆ ನಮಗೆ ಇನ್ನೂ ಹತ್ತಿರ. 1880ರಲ್ಲಿ ಅಲ್ಲಿದ್ದ ಜಮೀನ್ದಾರರ ಏಜೆಂಟ್ ಕ್ಯಾಪ್ಟನ್ ಬಾಯ್‌ಕಾಟ್‌ಗೆ ಆಳುಗಳು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ನಿಲ್ಲಿಸಿದರು. ಉತ್ತರದ ಅಲ್‌ಸ್ಟರ್‌ನಿಂದ 50 ಜನ ಸೈನ್ಯದ ಕಾವಲಿನಲ್ಲಿ ಬಂದು ಅವನ ಬೆಳೆ ಕಿತ್ತುಕೊಡಬೇಕಾಯಿತು. ನಾವು ಕನ್ನಡದಲ್ಲೂ ದಿನಾ ಬಳಸುವ 'ಬಾಯ್‌ಕಾಟ್' ಇವನ ಹೆಸರೇ. 1951ರಲ್ಲಿ ಹಾಲಿವುಡ್ ನಿರ್ದೇಶಕ ಜಾನ್ ಫೋರ್ಡ್ ಇಲ್ಲಿ 'ದ ಕ್ವಯಟ್ ಮ್ಯಾನ್' ಸಿನಿಮಾ ತೆಗೆದ ಮೇಲೆ ಪ್ರವಾಸಿಗರು ಬರುವುದು ನಿಂತಿಲ್ಲ. ಹಾಗಾಗಿ ವರ್ಷಪೂರ್ತಿಗೆ ಬಾಡಿಗೆ ಕೊಡುತ್ತಾರೋ, ಬೇಸಿಗೆಗೆ ಬಿಡಿಸುತ್ತಾರೋ ಎಂಬುದನ್ನು ಬರವಣಿಗೆಯಲ್ಲೇ ಪಡೆಯಿರಿ.

ಶಿಫ್ಟ್ ಕೆಲಸಕ್ಕೆ ಕಾರು ಬೇಕೇ ಬೇಕು. ಭಾರತದ ಲೈಸೆನ್ಸ್ ಇಲ್ಲಿ ಬದಲಾಯಿಸಿ ಕೊಡುವುದಿಲ್ಲ. ಥಿಯರಿ ಪರೀಕ್ಷೆ, ಲರ್ನರ್ ಪರ್ಮಿಟ್, ಪಾಠಗಳು, ಆಮೇಲೆ ರಸ್ತೆ ಪರೀಕ್ಷೆ. ಪಾಠಗಳು 12, ಹಳೆಯ ಲೈಸೆನ್ಸ್ ತೋರಿಸಿ ಪಾಠಗಳ ಸಂಖ್ಯೆಯಲ್ಲಿ ರಿಯಾಯಿತಿ ಕೇಳಬಹುದು. ಲರ್ನರ್ ಒಬ್ಬರೇ ಓಡಿಸುವಂತಿಲ್ಲ. ಆದ್ದರಿಂದ ಹೊರಡುವ ಮೊದಲು ಆರ್‌ಟಿಒದಲ್ಲಿ ಡಿಎಲ್ ಎಕ್ಸ್‌ಟ್ರ್ಯಾಕ್ಟ್ (ಲೈಸೆನ್ಸಿನ ವಿವರ ದೃಢೀಕರಿಸುವ ಪತ್ರ), ವಿಮೆ ಕಂಪನಿಯಿಂದ ಕ್ಲೇಮ್ ಇಲ್ಲವೆಂಬ ಪತ್ರ ತೆಗೆದುಕೊಳ್ಳಿ. ಬಂದ ವಾರವೇ ಥಿಯರಿ ಪರೀಕ್ಷೆಗೆ ದಿನ ಗೊತ್ತು ಮಾಡಿ.